ಧಾರೆ ಸೀರೆ ನೇಯ್ದವನು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೆ ಕಟ್ಟಿದ ಮಹಾನುಭಾವ, ಮದುವೆ ಮುಗಿದ ಮೇಲೆ ಆ ಸಾವಿರವನ್ನೂ ಯಾರು ಹೊತ್ತು ತಿರುಗಬೇಕು ಅನ್ನುವುದನ್ನು ಮಾತ್ರ ಹೇಳದೆ ಹೋದ. ಶಿವಗಾಮಿಯ ಮನೆಯಲ್ಲಿ ಸಾವಿರ ಇರಲಿಲ್ಲ, ಒಂದೇ ಒಂದಿತ್ತು. ಹದಿನೈದು ವರ್ಷ ಅದನ್ನು ಹೊತ್ತವಳು ಅವಳೇ. ಹೊತ್ತಿದ್ದೇನೆ ಅಂತ ಗೊತ್ತಾದದ್ದು 1983ರ ಆವಣಿ ತಿಂಗಳಲ್ಲಿ, ಮಗಳ ಮದುವೆಯ ದಿನ ಬೆಳಿಗ್ಗೆ ಏಳು ಗಂಟೆಗೆ, ಸಿಂಗಾನಲ್ಲೂರು ಬಸ್ ಸ್ಟ್ಯಾಂಡಿನ ಹಿಂದಿನ ಕಲ್ಯಾಣ ಮಂಟಪದಲ್ಲಿ. ಮುಹೂರ್ತ ಒಂಬತ್ತರಿಂದ ಹತ್ತೂವರೆ.

ಮಗಳು ಚಿನ್ನತಾಯಿಗೆ ಹತ್ತೊಂಬತ್ತು. ಹುಡುಗ ವೇಲುಸಾಮಿ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್. ಶಿವಗಾಮಿಯ ಗಂಡ ವೆಲ್ಲಿಂಗಿರಿ ಮೇಟ್ಟುಪಾಳ್ಯದ ಹತ್ತಿರ ಭವಾನಿ ಹೊಳೆಯಲ್ಲಿ ಮುಳುಗಿ ಸತ್ತಾಗ ಈ ಹುಡುಗಿ ನಾಲ್ಕು ವರ್ಷದವಳು. ಹಾಗಾಗಿ ಈಗ ಮಣೆಯ ಮೇಲೆ ಕೂತು ಧಾರೆ ಎರೆಯುವವರು ವೆಲ್ಲಿಂಗಿರಿಯ ಅಣ್ಣ ದಂಡಪಾಣಿ ಮತ್ತು ಅವನ ಹೆಂಡತಿ ಅಂಗಮ್ಮ. ದಂಡಪಾಣಿ ಎಂದರೆ ಸಾಮಾನ್ಯ ಆಸಾಮಿಯಲ್ಲ. ಸಿಂಗಾನಲ್ಲೂರಿನ ನೇಕಾರ ಮನೆಗಳಿಗೆಲ್ಲ ಯಜಮಾನ. ಯಾರ ಮನೆಯಲ್ಲಿ ಹುಟ್ಟಿದರೂ ಸತ್ತರೂ ಮೊದಲು ಅವನಿಗೆ ಸುದ್ದಿ ಹೋಗಬೇಕು. ಶಿವಗಾಮಿ ಎಲ್ಲಿ ನಿಲ್ಲಬೇಕು ಅಂತ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹಣೆ ಬರಿದಾದವಳು ಮಣೆಯ ಹತ್ತಿರ ಹೋಗುವುದುಂಟೇ? ಉಗ್ರಾಣದ ಪಕ್ಕದ ಕಂಬದ ಹಿಂದೆ ನಿಂತರೆ ಮಗಳ ಜಡೆಯಾದರೂ ಕಾಣುತ್ತದೆ ಅಂತ ಹಿಂದಿನ ದಿನವೇ ಅವಳು ನೋಡಿಟ್ಟುಕೊಂಡಿದ್ದಳು.

ಅವಳಿಗೆ ಇದ್ದ ಆಸೆ ಒಂದೇ. ಮಗಳ ಕೈಯ ಮೇಲೆ ನೀರು ಬಿಡುವ ಕೈ ತನ್ನದಾಗಬೇಕು. ಆಗುವ ಮಾತಲ್ಲ ಅಂತ ಗೊತ್ತಿತ್ತು.

ಏಳಕ್ಕೆ ಗಂಡಿನ ಕಡೆಯವರು ತಟ್ಟೆಗಳನ್ನು ತಂದರು. ಹಣ್ಣು, ಹೂವು, ಅರಿಶಿನದ ಕೊಂಬು, ನಡುವೆ ಧಾರೆ ಸೀರೆ. ಅರಿಶಿನ ಬಣ್ಣದ ಮೈ, ಕುಂಕುಮದ ಅಂಚು, ಅಂಚಿನ ಉದ್ದಕ್ಕೂ ರುದ್ರಾಕ್ಷಿ ಸಾಲು. ಹೆಣ್ಣಿನ ಕೋಣೆಯಲ್ಲಿ ಅಂಗಮ್ಮ ಸೀರೆ ಬಿಚ್ಚಿ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತಿದ್ದಳು. ಶಿವಗಾಮಿ ಹೊಸಿಲಿನ ಆಚೆಯೇ ನಿಂತಿದ್ದಳು.

ನೇಕಾರರ ಮನೆಯಲ್ಲಿ ಸೀರೆಯನ್ನು ಯಾರೂ ಚೆಂದ ಅಂತ ನೋಡುವುದಿಲ್ಲ; ತಪ್ಪು ಎಲ್ಲಿದೆ ಅಂತ ನೋಡುತ್ತಾರೆ. ಶಿವಗಾಮಿಯ ಕಣ್ಣೂ ತಾನಾಗಿ ಅಂಚಿನ ಮೇಲೆ ಓಡಿತು. ಒಂಬತ್ತು ರುದ್ರಾಕ್ಷಿ ಅಚ್ಚು ಹಾಕಿದಂತೆ ಒಂದೇ ಸಮ. ಹತ್ತನೆಯದು ಎರಡೆಳೆ ಉದ್ದ. ಮತ್ತೆ ಒಂಬತ್ತು ಸಮ. ಮತ್ತೆ ಹತ್ತನೆಯದು ಎರಡೆಳೆ ಉದ್ದ.

ಅವಳು ಹೊಸಿಲು ದಾಟಿ ಒಳಗೆ ಬಂದು ಸೀರೆಯನ್ನು ಕೈಗೆ ತಗೊಂಡಳು.

“ಶಿವಗಾಮಿ, ಮುಟ್ಟಬಾರ್ದು” ಎಂದಳು ಅಂಗಮ್ಮ.

“ಮುಟ್ಟಾಯ್ತಲ್ಲ” ಎಂದು ಶಿವಗಾಮಿ ಸೆರಗಿನ ತನಕ ಎಣಿಸಿದಳು. ಒಂದು ಕಡೆಯೂ ತಪ್ಪಿರಲಿಲ್ಲ. ಅಂದರೆ, ಎಲ್ಲ ಕಡೆಯೂ ಒಂದೇ ತಪ್ಪು.

ಈ ತಪ್ಪಿನ ಕಥೆ ಇಷ್ಟೇ. ವೆಲ್ಲಿಂಗಿರಿ ಮಗ್ಗದಲ್ಲಿ ಕೂತರೆ ಒಂಬತ್ತು ಗ್ರಹಕ್ಕೆ ಒಂಬತ್ತು ರುದ್ರಾಕ್ಷಿ ನೇಯ್ದು, ಲಾಳಿ ಕೆಳಗಿಟ್ಟು, ವೀಳ್ಯದೆಲೆ ಹಾಕಿಕೊಳ್ಳುತ್ತಿದ್ದ. ಮತ್ತೆ ಲಾಳಿ ಹಿಡಿಯುವಾಗ ಎಲ್ಲಿ ನಿಲ್ಲಿಸಿದ್ದೆ ಅನ್ನುವುದು ಮರೆತಿರುತ್ತಿತ್ತು. ಕಮ್ಮಿಯಾಗುವುದು ಬೇಡ ಅಂತ ಎರಡೆಳೆ ಜಾಸ್ತಿ ಹಾಕುತ್ತಿದ್ದ. ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಶಿವಗಾಮಿ ಐದು ವರ್ಷ ಬೈದಳು. ಅವನು ತಿದ್ದಿಕೊಳ್ಳಲಿಲ್ಲ. ಅವನ ಹತ್ತಿರ ಕೆಲಸ ಕಲಿತವರು ಯಾರೂ ಇರಲಿಲ್ಲ. ಇಷ್ಟು ದಂಡದ ಕೆಲಸ ಯಾರು ಕಲಿಯುತ್ತಾರೆ? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ವೆಲ್ಲಿಂಗಿರಿಯನ್ನು ಸುಟ್ಟು ಹದಿನೈದು ವರ್ಷವಾಗಿತ್ತು. ಸೀರೆಯಿಂದ ಇನ್ನೂ ಹಸಿ ಗಂಜಿಯ ವಾಸನೆ ಬರುತ್ತಿತ್ತು, ಮಗ್ಗದಿಂದ ಇಳಿದು ತಿಂಗಳೂ ಆಗಿರಲಿಲ್ಲ.

ಶಿವಗಾಮಿ ಕಿರುಚಲಿಲ್ಲ, ಬೀಳಲಿಲ್ಲ. ಸೀರೆಯನ್ನು ಇದ್ದ ಮಡಿಕೆಯಲ್ಲೇ ಮಡಚಿಟ್ಟು ಗಂಡಿನ ತಾಯಿ ಕುಪ್ಪಮ್ಮನನ್ನು ಹುಡುಕಿಕೊಂಡು ಹೋದಳು.

ಕುಪ್ಪಮ್ಮ ಮಂಟಪದ ಬಾಗಿಲಲ್ಲಿ ಬಂದವರಿಗೆ ಕಲ್ಲುಸಕ್ಕರೆ ಕೊಡುತ್ತಿದ್ದಳು. ಗಟ್ಟಿ ಹೆಂಗಸು, ಅವಳು ನಿಂತ ಬಾಗಿಲಿಗೆ ಬೇರೆ ಅಗುಳಿ ಬೇಡ.

“ಅಕ್ಕಾ, ಸೀರೆ ಬಾಳ ಚೆನ್ನಾಗದೆ. ಯಾವೂರ ನೇಯ್ಗೆ?”

“ನೆಗಮಂ ಪಕ್ಕ ಕೃಷ್ಣಸಾಮಿ ಅಂತ ಒಬ್ರು ಅವ್ರೆ. ಒಂಟಿ ಆಸಾಮಿ. ಮಾತು ಕಮ್ಮಿ, ಕೈ ಬಂಗಾರ” ಎಂದಳು ಕುಪ್ಪಮ್ಮ. “ಅವ್ರನ್ನ ಕಲ್ಯಾಣಕ್ಕೆ ಕರ್ಸಿವ್ನಿ. ನಮ್ಮ ಮನೆ ಪದ್ಧತಿ ಒಂದದೆ, ನಿಮಗೆ ಹೇಳ್ಲಿಲ್ವಾ? ತಾಳಿ ಕಟ್ಟೋಕೆ ಮುಂಚೆ ಧಾರೆ ಸೀರೆ ನೇಯ್ದವರನ್ನ ಸಭೆಗೆ ಕರೆದು, ಹೆಸ್ರು ಹೇಳಿ ತಾಂಬೂಲ ಕೊಡಬೇಕು. ನಮ್ಮ ದೊಡ್ಡತ್ತೆ ಕಲ್ಯಾಣದಲ್ಲಿ ಮರ್ತುಬುಟ್ರು. ಎರಡೇ ತಿಂಗಳಿಗೆ ಅತ್ತೆ ಗಂಡನ್ನ ಬಿಟ್ಟು ತವರಿಗೆ ವಾಪಸ್ಸು ಬಂದ್ಬುಟ್ರು. ಅಪ್ಪುರ ಇವತ್ತಿನ ತನಕ ಯಾರೂ ಮರೆಯೋ ಧೈರ್ಯ ಮಾಡಿಲ್ಲ.”

“ಅವ್ರು ಎಲ್ಲಿದಾರೆ ಈಗ?”

“ಕೆಳಗೆ ಟಿಫನ್ ತಿಂತಾವ್ರೆ. ಪತ್ರಿಕೆ ಕೊಡೋಕಾಗಿರ್ಲಿಲ್ಲ ಪಾಪ, ಬಾಯಲ್ಲೇ ಕರ್ದಿದ್ದೆ. ಇಲ್ಲಿ ಬಂದ ಮೇಲೆ ಒಂದು ಕೊಟ್ಟೆ. ಓದ್ತಾ ಓದ್ತಾ ಒಂಥರಾ ಆಗೋದ್ರು.”

ಆಗದೆ ಏನು? ಮದುವೆ ಪತ್ರಿಕೆಯಲ್ಲಿ ವಧುವಿನ ಹೆಸರಿನ ಕೆಳಗೆ ದೊಡ್ಡ ಅಕ್ಷರದಲ್ಲಿ ದಿವಂಗತ ವೆಲ್ಲಿಂಗಿರಿಯವರ ಪುತ್ರಿ ಅಂತ ಅಚ್ಚಾಗಿತ್ತು. ತನ್ನ ಹೆಸರಿನ ಹಿಂದೆ ದಿವಂಗತ ಅಂತ ಓದಿಕೊಳ್ಳುವ ಯೋಗ ಎಷ್ಟು ಜನಕ್ಕೆ ಬರುತ್ತದೆ?

ಶಿವಗಾಮಿ ಊಟದ ಮನೆಗೆ ಇಳಿದಳು. ಮೂರು ಸಾಲು ಎಲೆ, ಪೊಂಗಲ್, ಚಟ್ನಿ. ಎಲ್ಲ ಎಲೆಯ ಮುಂದೆಯೂ ಒಬ್ಬೊಬ್ಬ ಮನುಷ್ಯ, ಕೊನೆಯ ಎಲೆಯೊಂದನ್ನು ಬಿಟ್ಟು. ಅಲ್ಲಿ ಅರ್ಧ ತಿಂದ ಪೊಂಗಲ್ ಇತ್ತು. ಮೆಣಸನ್ನೆಲ್ಲ ಹೆಕ್ಕಿ ಎಲೆಯ ಎಡಮೂಲೆಗೆ ಸಾಲಾಗಿ ಜೋಡಿಸಿಟ್ಟಿತ್ತು. ಶಿವಗಾಮಿಗೆ ಇನ್ನು ಅನುಮಾನ ಉಳಿಯಲಿಲ್ಲ. ಐದು ವರ್ಷ ಆ ಮೆಣಸನ್ನು ಗುಡಿಸಿ ಹಾಕಿದವಳು ಅವಳೇ.

“ಇಲ್ಲಿ ಕೂತಿದ್ದವ್ರು ಎಲ್ಲಿ?” ಎಂದು ಬಡಿಸುವವನನ್ನು ಕೇಳಿದಳು.

“ಯಜಮಾನ್ರು ಬಂದು ಕೈ ಹಿಡ್ಕೊಂಡು ಎಬ್ಬಿಸ್ಕೊಂಡು ಹೋದ್ರಮ್ಮಾ. ಇಬ್ರೂ ಮಾತಾಡ್ಲಿಲ್ಲ. ಏನೋ ಸೊಂತದವರು ಅನ್ಕೊಂಡೆ.”

ಸೊಂತದವರೇ ಮತ್ತೆ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಶಿವಗಾಮಿ ಮೇಲೆ ಬಂದಳು. ದಂಡಪಾಣಿ ವೇದಿಕೆಯ ಪಕ್ಕ ನಿಂತು ನಾಗಸ್ವರದವರಿಗೆ ಏನೋ ಹೇಳುತ್ತಿದ್ದ. ಹೊಸ ಅಂಗಿಯ ಬೆನ್ನು ಪೂರ್ತಿ ಒದ್ದೆ. ಫ್ಯಾನು ನೆತ್ತಿಯ ಮೇಲೇ ತಿರುಗುತ್ತಿತ್ತು.

“ಬಾವಾ, ಉಗ್ರಾಣದ ಬೀಗದಕೈ ಕೊಡ್ತೀರಾ? ಅಡುಗೆಯವ್ರಿಗೆ ಬೆಲ್ಲ ಬೇಕಂತೆ.”

“ಬೀಗದಕೈ ನನ್ನತ್ರ ಎಲ್ಲದೆ? ಕಳದೋಯ್ತು” ಎಂದ ದಂಡಪಾಣಿ, ಹೇಳುತ್ತಲೇ ಸೊಂಟ ಮುಟ್ಟಿ ನೋಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಕಥೆಯನ್ನು ಅವನೇ ಪಂಚಾಯ್ತಿಯಲ್ಲಿ ಹತ್ತು ಸಲ ಹೇಳಿದ್ದ.

ಉಗ್ರಾಣಕ್ಕೆ ಹಿತ್ತಲ ಕಡೆ ಒಂದು ಕಿಟಕಿ. ಅಡ್ಡಕ್ಕೆ ನಾಲ್ಕು ಕಬ್ಬಿಣದ ಸರಳು. ಶಿವಗಾಮಿ ನೀರಿನ ತೊಟ್ಟಿ ಬಳಸಿಕೊಂಡು ಹೋಗಿ ಒಳಗೆ ನೋಡಿದಳು. ಅಕ್ಕಿ ಮೂಟೆಯ ಮೇಲೆ ಕೂತು ಒಬ್ಬ ಮನುಷ್ಯ ಸಣ್ಣ ಈರುಳ್ಳಿ ಸುಲಿಯುತ್ತಿದ್ದ. ತಲೆ ಬೋಳಾಗಿತ್ತು, ಗಡ್ಡ ಬೆಳ್ಳಗಾಗಿತ್ತು, ಮುಂದಿನ ಎರಡು ಹಲ್ಲಿರಲಿಲ್ಲ. ಉಳಿದದ್ದೆಲ್ಲ ಅವನೇ.

ಅವನು ತಲೆ ಎತ್ತಿದ. ಕಣ್ಣಿಂದ ನೀರು ಸುರಿಯುತ್ತಿತ್ತು, ಆದರೆ ಅದು ಈರುಳ್ಳಿಯದೂ ಆಗಿರಬಹುದು.

“ಅಡುಗೆಯವ್ರು ಕಿಟಕೀಲಿ ಕೊಟ್ಟು ಹೋದ್ರು” ಎಂದ. “ಹೆಂಗೂ ಸುಮ್ನೆ ಕೂತಿದೀಯಲ್ಲ ಅಂದ್ರು.”

ಹದಿನೈದು ವರ್ಷದ ಮೇಲೆ ಗಂಡ ಹೆಂಡತಿಗೆ ಆಡಿದ ಮೊದಲ ಮಾತು ಇದು. ಶಿವಗಾಮಿ ಸರಳು ಹಿಡಿದುಕೊಂಡಳು. ಅವಳಿಗೆ ಬಂದದ್ದು ಸಂತೋಷವೂ ಅಲ್ಲ, ದುಃಖವೂ ಅಲ್ಲ, ಬರೀ ಸಿಟ್ಟು. ಎಷ್ಟೆಂದರೆ ಆ ಸರಳು ಇಲ್ಲದಿದ್ದರೆ ಮುಹೂರ್ತಕ್ಕೆ ಮುಂಚೆ ಅವಳು ನಿಜವಾಗಿಯೂ ವಿಧವೆಯಾಗುತ್ತಿದ್ದಳು.

“ಹೊಳೇಲಿ ಮುಳುಗ್ಲಿಲ್ವಾ?” ಎಂದು ಕೇಳಿದಳು.

“ಹೊಳೆ ಹತ್ರಾನೇ ಹೋಗ್ಲಿಲ್ಲ. ಸೂಲೂರು ಮಿಲ್ಲಲ್ಲಿ ಒಬ್ಳು, ಬೇರೆ ಜಾತಿ... ಅವಳ ಜೊತೆ ಹೋದೆ.”

“ಅದು ಸರಿ. ಸುಟ್ಟದ್ದು ಯಾರನ್ನ?”

“ನಂಗೇನು ಗೊತ್ತು? ಮೂರು ತಿಂಗಳಿಗೆ ಬುದ್ಧಿ ಬಂತು. ವಾಪಸ್ಸು ಬರ್ತೀನಿ, ತಪ್ಪಾಯ್ತು ಅಂತ ಅಣ್ಣಂಗೆ ಕಾಗದ ಹಾಕ್ದೆ. ಒಂದು ಕಾರ್ಡು ಬಂತು. ನಿನ್ನ ಹನ್ನೊಂದನೇ ದಿನ ಮುಗೀತು, ಮುನ್ನೂರು ಜನ ಉಂಡರು, ತಂಗಿ ಕಲ್ಯಾಣಾನೂ ಆಯ್ತು, ಬರಬೇಡ ಅಂತ ಬರ್ದಿದ್ದ.” ಅವನು ಇನ್ನೊಂದು ಈರುಳ್ಳಿ ತಗೊಂಡ. “ಮುನ್ನೂರು ಜನ ಉಂಡ ಮೇಲೆ ಹೆಂಗೆ ಬರೋದು?”

ಶಿವಗಾಮಿಗೆ ಈಗ ಎಲ್ಲ ತಿಳಿಯಿತು. ಆ ತಿಂಗಳು ನಾದಿನಿಯ ಮದುವೆ ನಿಶ್ಚಯವಾಗಿತ್ತು. ತಮ್ಮ ಬೇರೆ ಜಾತಿಯವಳ ಜೊತೆ ಓಡಿಹೋದ ಅಂದರೆ ಆ ಮದುವೆ ಮುರಿಯುತ್ತಿತ್ತು, ಮನೆಯನ್ನೇ ಕುಲದಿಂದ ಹೊರಗಿಡುತ್ತಿದ್ದರು. ಸತ್ತ ಅಂದರೆ ಎಲ್ಲರೂ ಬಂದು ಅತ್ತು ಹೋಗುತ್ತಾರೆ. ದಂಡಪಾಣಿ ಮೇಟ್ಟುಪಾಳ್ಯಕ್ಕೆ ಹೋಗಿ, ಯಾರೂ ಕೇಳದೆ ಬಿದ್ದಿದ್ದ ಒಂದು ಹೆಣವನ್ನು ನನ್ನ ತಮ್ಮನೇ ಅಂತ ಹೇಳಿ ಬಟ್ಟೆ ಸುತ್ತಿ ತಂದಿದ್ದ. ಮುಖ ನೋಡಬೇಡ ಅಂತ ಅವಳಿಗೆ ಹೇಳಿದ್ದ, ಅವಳು ನೋಡಿರಲಿಲ್ಲ. ಊರು ಗೊತ್ತಿಲ್ಲದವನಿಗೆ, ಹೆಸರು ತಿಳಿಯದವನಿಗೆ ಅವಳು ಬಳೆ ಒಡೆಸಿಕೊಂಡಿದ್ದಳು.

“ಅವಳು ಎಲ್ಲಿ ಈಗ, ಸೂಲೂರಿನವಳು?”

“ಎರಡು ವರ್ಷಕ್ಕೆ ಇನ್ನೊಬ್ಬನ ಜೊತೆ ಹೋದ್ಳು.”

“ನೀವೂ ಅವಳಿಗೆ ಹನ್ನೊಂದನೇ ದಿನ ಮಾಡಿದ್ರಾ?”

“ಇಲ್ಲ” ಎಂದ ವೆಲ್ಲಿಂಗಿರಿ. “ನಮ್ಮ ಮನೇಲಿ ಅಷ್ಟು ಜನ ಇರ್ಲಿಲ್ಲ.” ಕೈಯಲ್ಲಿದ್ದ ಈರುಳ್ಳಿ ಕೆಳಗಿಟ್ಟು, “ಶಿವಗಾಮಿ, ತಿರುಪ್ಪೂರಿನವ್ರ ಕಲ್ಯಾಣ ಅಂತ ವ್ಯಾನಲ್ಲಿ ಕರ್ಕೊಂಡು ಬಂದ್ರು, ಇಳಿದ ಮೇಲೇ ಯಾವೂರು ಅಂತ ತಿಳಿದದ್ದು. ಕಲ್ಯಾಣ ಇವಳದ್ದು ಅಂತ ಗೊತ್ತಿದ್ರೆ ನಾನು ಸೀರೆ ನೇಯ್ತಿದ್ದೆ, ಬರ್ತಿರ್ಲಿಲ್ಲ. ಬಂದಾಯ್ತು. ಒಂದು ಸಲ ತಾಳಿ ಕಟ್ಟೋದು ನೋಡ್ಕೊಂಡು ಹೋಗ್ತೀನಿ. ಬೇರೆ ಏನೂ ಕೇಳಲ್ಲ” ಎಂದ.

“ಬೇರೆ ಏನು ಕೇಳೋಕೆ ನಿಮಗೆ ಬಾಕಿ ಅದೆ?” ಎಂದು ಶಿವಗಾಮಿ ಸರಳು ಬಿಟ್ಟು ತಿರುಗಿದಳು. ಆಗ ಒಂಬತ್ತೂ ಕಾಲು.

ದಂಡಪಾಣಿ ಅವಳಿಗೆ ಹಿತ್ತಲ ಮೂಲೆಯಲ್ಲೇ ಸಿಕ್ಕಿದ. ಅವಳು ಕಿಟಕಿಯ ಕಡೆಯಿಂದ ಬರುವುದನ್ನು ನೋಡಿದ ಮೇಲೆ ಮುಚ್ಚಿಡುವುದೇನೂ ಉಳಿಯಲಿಲ್ಲ. ಅವನ ಮುಖ ಗಂಜಿ ಹಾಕಿ ಒಣಗಿಸಿದ ಬಟ್ಟೆಯ ಹಾಗಿತ್ತು.

“ಶಿವಗಾಮಿ, ನಾನು ಮಾಡಿದ್ದು ಮನೆ ಮಾನಕ್ಕೆ” ಎಂದ. “ಈಗ ನೀನು ಬಾಯಿ ಬಿಟ್ರೆ ಏನಾಗುತ್ತೆ ಗೊತ್ತಾ? ತಂದೇನ ಸುಳ್ಳು ಸುಳ್ಳೇ ಸಾಯ್ಸಿದ ಮನೆ ಹುಡುಗಿ ನಮಗೆ ಬೇಡ ಅಂತ ತಿರುಪ್ಪೂರಿನವ್ರು ಈ ಕ್ಷಣಾನೇ ಎದ್ದು ಹೋಗ್ತಾರೆ. ನಿನ್ನ ಮಗಳ ತಲೆ ಮೇಲೆ ನೀನೇ ಕಲ್ಲು ಹಾಕ್ತೀಯಾ?”

ಈ ಮಾತು ನಿಜ. ಅದೇ ಅವಳಿಗೆ ನೋವು. ಹದಿನೈದು ವರ್ಷದ ಸುಳ್ಳನ್ನು ಈಗ ಒಂದೇ ಕೂಗಿಗೆ ಒಡೆಯಬಹುದು, ಒಡೆದರೆ ಚೂರು ಚುಚ್ಚುವುದು ಚಿನ್ನತಾಯಿಯ ಕಾಲಿಗೆ.

“ತಾಳಿ ಏರೋ ತನಕ ನಾನು ಯಾರ ಹತ್ರಾನೂ ಒಂದು ಮಾತು ಆಡಲ್ಲ” ಎಂದಳು ಶಿವಗಾಮಿ. “ಆದ್ರೆ ಧಾರೆ ನಾನು ಎರೀತೀನಿ. ನೀವೂ ಅಕ್ಕಾನೂ ಮಣೆ ಮೇಲೆ ಕೂರೋದು ಬೇಡ.”

“ಹುಚ್ಚಾ ನಿಂಗೆ? ಮುಂಡೆ ಧಾರೆ ಎರೆದ್ರೆ ಸಭೆ ಸುಮ್ನಿರುತ್ತಾ?”

“ನಾನು ಮುಂಡೆಯಾ ಬಾವಾ?”

ಅದಕ್ಕೆ ಉತ್ತರ ಇದ್ದದ್ದು ಉಗ್ರಾಣದಲ್ಲಿ, ಈರುಳ್ಳಿ ಸುಲಿಯುತ್ತಾ.

“ಸಭೆಗೆ ನಾನೇನು ಹೇಳ್ಲಿ?” ಎಂದ ದಂಡಪಾಣಿ.

“ಏನಾದ್ರೂ ಹೇಳಿ. ಮೇಟ್ಟುಪಾಳ್ಯಕ್ಕೆ ಹೋಗಿ ಹೆಣಾನೇ ಹುಡುಕ್ಕೊಂಡು ಬಂದವ್ರು. ಒಂದು ಕಾರಣ ಹುಡುಕೋದು ನಿಮಗೆ ಕಷ್ಟವಾ?”

“ಆಗಲ್ಲ” ಎಂದು ಅವನು ಹೊರಟ. ಶಿವಗಾಮಿ ತಡೆಯಲಿಲ್ಲ. ಕಂಬದ ಹಿಂದೆ ತನಗೆ ಅಂತ ನೋಡಿಟ್ಟುಕೊಂಡ ಜಾಗಕ್ಕೆ ಬಂದು ನಿಂತಳು. ದಂಡಪಾಣಿ ಗಟ್ಟಿಯಾಗಿ ನಿಂತುಬಿಟ್ಟರೆ ತಾನು ಸೋತ ಹಾಗೆಯೇ, ಮಗಳ ಮದುವೆ ಕೆಡಿಸುವ ಕೈ ತನಗಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೆ ಅದು ಗೊತ್ತಾಗಬಾರದು, ಅಷ್ಟೇ.

ಒಂಬತ್ತೂ ಮುಕ್ಕಾಲಿಗೆ ಹುಡುಗ ಹುಡುಗಿ ಮಣೆಗೆ ಬಂದರು. ಚಿನ್ನತಾಯಿ ಆ ಸೀರೆ ಉಟ್ಟಿದ್ದಳು. ಪುರೋಹಿತರು ಹೆಣ್ಣಿನ ತಂದೆತಾಯಿ ಸ್ಥಾನದವರು ಬನ್ನಿ ಅಂದರು. ದಂಡಪಾಣಿ ಶಲ್ಯ ಸರಿಮಾಡಿಕೊಂಡು ಎದ್ದ, ಅಂಗಮ್ಮನೂ ಎದ್ದಳು. ಆಗ ಕುಪ್ಪಮ್ಮ ಕೈ ಎತ್ತಿದಳು.

“ತಡ್ಕೊಳ್ಳಿ. ಮೊದ್ಲು ಸೀರೆ ನೇಯ್ದವ್ರಿಗೆ ತಾಂಬೂಲ. ನೆಗಮಂ ಕೃಷ್ಣಸಾಮಿ ಎಲ್ಲಿ?”

ಯಾರೂ ಏಳಲಿಲ್ಲ. ಮೈಕಿನಲ್ಲಿ ಕೂಗಿದರು. ನೆಗಮಂ ಕೃಷ್ಣಸಾಮಿ ಎಲ್ಲಿದ್ದರೂ ವೇದಿಕೆಗೆ ಬರಬೇಕು. ಎರಡನೇ ಸಲ ಕೂಗಿದರು. ಹೊರಗೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕೃಷ್ಣಸಾಮಿ ಇದ್ದವನು ಒಳಗೆ ಬಂದು, ತಾನಲ್ಲ ಅಂತ ತಿಳಿದು, ಬಂದದ್ದಕ್ಕೆ ಕಾಫಿ ಕುಡಿದು ಹೋದ.

“ಹೊರಟೋಗಿರ್ಬೇಕು, ನಾವು ಶುರು ಮಾಡೋಣ” ಎಂದ ದಂಡಪಾಣಿ.

“ಅವ್ರ ಚಪ್ಪಲಿ ಬಾಗ್ಲಲ್ಲೇ ಅದೆ” ಎಂದಳು ಕುಪ್ಪಮ್ಮ. “ನಾನೇ ನೋಡಿವ್ನಿ. ಅವ್ರು ಬರೋ ತನಕ ನನ್ನ ಮಗ ತಾಳಿ ಮುಟ್ಟಲ್ಲ.”

ಹತ್ತಾಯಿತು. ಹತ್ತೂ ಐದಾಯಿತು. ಪುರೋಹಿತರು ಗಡಿಯಾರವನ್ನೂ ದಂಡಪಾಣಿಯನ್ನೂ ಒಂದಾದ ಮೇಲೆ ಒಂದು ನೋಡತೊಡಗಿದರು. ಗಂಡಿನ ಕಡೆಯ ಹುಡುಗರು ಮಾಳಿಗೆ, ಬಚ್ಚಲು, ಊಟದ ಮನೆ ಎಲ್ಲ ಹುಡುಕಿದರು. ಇನ್ನು ಹಿತ್ತಲು ಒಂದೇ ಬಾಕಿ ಅಂತ ಯಾರೋ ಅಂದದ್ದು ಕೇಳಿ ದಂಡಪಾಣಿ ವೇದಿಕೆ ಇಳಿದ. ಅವನು ಕಂಬದ ಹತ್ತಿರ ಬಂದ. ಸೊಂಟದಿಂದ ಬೀಗದಕೈ ತೆಗೆದು ಶಿವಗಾಮಿಯ ಕೈಗೆ ಇಟ್ಟ.

“ನೀನೇ ತೆಗೆದು ಕಳ್ಸು. ನಾನು ತೆಗೆದ್ರೆ ಯಾಕೆ ಬೀಗ ಹಾಕಿದ್ದೆ ಅಂತಾರೆ.”

“ಮೊದ್ಲು ಮೈಕು” ಎಂದಳು ಶಿವಗಾಮಿ. “ಅಪ್ಪುರ ಬೀಗ.”

ಅವನು ಅವಳ ಮುಖ ನೋಡಿದ. ಹದಿನೈದು ವರ್ಷದಲ್ಲಿ ಆ ಮುಖವನ್ನು ಅವನು ಮೊದಲ ಸಲ ಸರಿಯಾಗಿ ನೋಡಿರಬೇಕು. ಆಮೇಲೆ ಹೋಗಿ ಮೈಕು ಹಿಡಿದ.

“ಸಭೆಗೆ ನಮಸ್ಕಾರ” ಎಂದ ದಂಡಪಾಣಿ. “ನಿನ್ನೆ ಬೆಳಗಿನ ಜಾವ ನಮ್ಮ ಕುಲದೇವತೆ ಚೌಡಮ್ಮ ನನ್ನ ಕನಸಲ್ಲಿ ಬಂದಿದ್ಳು. ಈ ಹುಡುಗೀನ ಹೆತ್ತ ಕೈಯಲ್ಲೇ ಧಾರೆ ಎರೆಸು, ಇಲ್ಲಾಂದ್ರೆ ನಿನ್ನ ಮನೇಲಿ ನಾನು ಇರಲ್ಲ ಅಂದ್ಳು. ನಾನು ಸುಮ್ನಿದ್ದೆ. ಅದಕ್ಕೇ ಈಗ ತಡೆ ಬಂದದೆ. ಸಭೆ ಅನುಮತಿ ಕೊಡಬೇಕು.”

ಸುಳ್ಳು ಹೇಳುವುದರಲ್ಲಿ ಅವನ ಕೈ ಪಳಗಿತ್ತು, ಅದನ್ನು ಒಪ್ಪಬೇಕು. ಮುಂದಿನ ಸಾಲಿನ ಮುದುಕರು ಗೊಣಗಿದರು. ಬರಿಹಣೆಯವಳು ಅಂತ ಒಬ್ಬ, ಶಾಸ್ತ್ರ ಅಂತ ಇನ್ನೊಬ್ಬ. ಆದರೆ ಯಜಮಾನನ ಕನಸಿಗೆ ಎದುರು ಹೇಳಬೇಕಾದರೆ ಇನ್ನೊಬ್ಬ ಯಜಮಾನ ಬೇಕು, ಇನ್ನೊಬ್ಬ ಇರಲಿಲ್ಲ. ಕುಪ್ಪಮ್ಮ ಮಾತ್ರ, “ತಾಯಿ ಎರೆದ್ರೆ ನಮಗೇನೂ ತೊಂದ್ರೆ ಇಲ್ಲ, ನನಗೆ ನೇಕಾರರು ಬೇಕು” ಎಂದಳು.

ಶಿವಗಾಮಿ ಹೋಗಿ ಬೀಗ ತೆಗೆದಳು. ವೆಲ್ಲಿಂಗಿರಿ ಸುಲಿದ ಈರುಳ್ಳಿಯನ್ನು ಮೊರದಲ್ಲಿ ಹಾಕಿಟ್ಟು ಎದ್ದ.

“ಬೆಲ್ಲ ತಗೊಳ್ಳೋಕೆ ಹೋಗಿದ್ದೆ, ಯಾರೋ ಬೀಗ ಹಾಕ್ಬುಟ್ರು ಅಂತ ಹೇಳಿ” ಎಂದಳು ಅವಳು. “ತಾಂಬೂಲ ತಗೊಂಡು ಮುಂದಿನ ಸಾಲಲ್ಲಿ ಕೂತ್ಕೊಳ್ಳಿ. ನಾನು ಹೇಳೋ ತನಕ ಏಳೋ ಹಾಗಿಲ್ಲ.”

“ಶಿವಗಾಮಿ, ಧಾರೆಗೆ ನಾನೂ ಒಂದು ಕೈ...”

“ಸತ್ತವರು ಧಾರೆ ಎರೆಯೋ ಹಾಗಿಲ್ಲ” ಎಂದಳು.

ಅವನು ಅವಳ ಹಿಂದೆ ಸಭೆಗೆ ಬಂದ. ಇನ್ನೂರು ಜನ ಅವನ ಮುಖ ನೋಡಿದರು. ಅವರಲ್ಲಿ ನಲವತ್ತು ಜನವಾದರೂ ಅವನ ಹೆಣಕ್ಕೆ ಹೆಗಲು ಕೊಟ್ಟವರೋ, ಹನ್ನೊಂದನೇ ದಿನ ಉಂಡವರೋ ಆಗಿದ್ದರು. ಒಬ್ಬರೂ ಗುರುತು ಹಿಡಿಯಲಿಲ್ಲ. ಸತ್ತವನ ಮುಖವನ್ನು ಮದುವೆ ಮನೆಯಲ್ಲಿ ಯಾರು ಹುಡುಕುತ್ತಾರೆ? ಕುಪ್ಪಮ್ಮ ಹೆಸರು ಹೇಳಿ ತಾಂಬೂಲ ಕೊಟ್ಟಳು, ಪಂಚೆ ಕೊಟ್ಟಳು. ಅವನು ಎರಡು ಕೈಯಲ್ಲೂ ತಗೊಂಡು ಮಣೆಯ ಮೇಲಿನ ಹುಡುಗಿಯನ್ನು ನೋಡುತ್ತಾ ನಿಂತುಬಿಟ್ಟ. ಪುರೋಹಿತರು ಕೆಮ್ಮಿದ ಮೇಲೆ ಇಳಿದ.

ಹತ್ತೂ ಇಪ್ಪತ್ತಕ್ಕೆ ಶಿವಗಾಮಿ ಮಣೆಯ ಮೇಲೆ ಕೂತಳು. ಮಗಳ ಕೈ ಅಳಿಯನ ಕೈಯ ಮೇಲಿತ್ತು. ಅವಳು ಚೊಂಬು ಬಗ್ಗಿಸಿ ನೀರು ಬಿಟ್ಟಳು. ಚಿನ್ನತಾಯಿ ತಲೆ ಎತ್ತಿ, “ಅಮ್ಮಾ, ನೀನಾ?” ಎಂದು ಕೇಳಿ ಅತ್ತುಬಿಟ್ಟಳು. ಶಿವಗಾಮಿಗೆ ಆ ಗಳಿಗೆಯಲ್ಲಿ ಬೇರೆ ಯಾರ ನೆನಪೂ ಬರಲಿಲ್ಲ, ಗಂಡನದೂ ಇಲ್ಲ, ಭಾವನದೂ ಇಲ್ಲ. ಹೊಟ್ಟೆ ತುಂಬಿದಂತಾಯಿತು. ಹತ್ತೂ ಇಪ್ಪತ್ತೈದಕ್ಕೆ ಗಟ್ಟಿಮೇಳದಲ್ಲಿ ವೇಲುಸಾಮಿ ತಾಳಿ ಕಟ್ಟಿದ, ಮೂರು ಗಂಟು, ಕಟಿಂಗ್ ಮಾಸ್ಟರಿನ ಅಳತೆಯಲ್ಲಿ.

ದಂಡಪಾಣಿ ದೊಡ್ಡ ಉಸಿರು ಬಿಟ್ಟ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ತಾಂಬೂಲವಾಯಿತು, ತಾಳಿಯಾಯಿತು, ಇನ್ನು ನೆಗಮಂ ಕೃಷ್ಣಸಾಮಿಯನ್ನು ಊಟ ಹಾಕಿ ಬಸ್ಸಿಗೆ ಹತ್ತಿಸಿದರೆ ಮುಗಿಯಿತು ಅಂತ ಅವನ ಲೆಕ್ಕ. ಅಂಗಿಯ ಬೆನ್ನೂ ಒಣಗತೊಡಗಿತ್ತು.

ಹುಡುಗ ಹುಡುಗಿ ಹಿರಿಯರ ಕಾಲಿಗೆ ಬೀಳುತ್ತಾ ಬಂದರು. ಮೊದಲು ಶಿವಗಾಮಿಗೆ, ಆಮೇಲೆ ಕುಪ್ಪಮ್ಮನಿಗೆ, ದಂಡಪಾಣಿ ಅಂಗಮ್ಮನಿಗೆ. ಸೀರೆ ನೇಯ್ದವರ ಕಾಲಿಗೂ ಬೀಳಿ ಅಂತ ಕುಪ್ಪಮ್ಮ ಮುಂದಿನ ಸಾಲಿಗೆ ಕರಕೊಂಡು ಹೋದಳು. ವೆಲ್ಲಿಂಗಿರಿ ಎದ್ದು ನಿಂತ. ಚಿನ್ನತಾಯಿಯ ತಲೆಯ ಮೇಲೆ ಕೈ ಇಡಲು ಹೋಗಿ, ಇಡಲಾರದೆ, ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ಅಳತೊಡಗಿದ. ಈ ಸಲ ಹತ್ತಿರದಲ್ಲಿ ಈರುಳ್ಳಿ ಇರಲಿಲ್ಲ. ನಾಗಸ್ವರದವರು ಕಾಫಿ ಕುಡಿಯುತ್ತಿದ್ದರು, ಮಂಟಪ ಸದ್ದಿಲ್ಲದೆ ಇತ್ತು.

“ಯಾರಮ್ಮಾ ಇವ್ರು?” ಎಂದು ಚಿನ್ನತಾಯಿ ತಾಯಿಯ ಕಡೆ ತಿರುಗಿದಳು. “ಯಾಕೆ ಅಳ್ತಾವ್ರೆ?”

“ಅವ್ರು ಸೀರೆ ನೇಯ್ದವ್ರು ತಾಯಿ, ವಯಸ್ಸಾಗದೆ” ಎಂದ ದಂಡಪಾಣಿ ಬೇಗ ಬೇಗ.

ಶಿವಗಾಮಿ ಮಗಳನ್ನು ನೋಡಿದಳು. ಆರು ವರ್ಷದವಳಾದಾಗಿನಿಂದ ಈ ಹುಡುಗಿ ಪ್ರತಿ ಅಮಾವಾಸ್ಯೆಯ ದಿನ ತಲೆಗೆ ನೀರು ಹಾಕಿಕೊಂಡು, ಅಪ್ಪನಿಗೆ ಅಂತ ಕಾಗೆಗೆ ಅನ್ನ ಇಟ್ಟು, ಕಾಗೆ ಬರುವ ತನಕ ಹಸಿದುಕೊಂಡು ಕೂತಿರುತ್ತಿದ್ದಳು. ಕೆಲವು ಸಲ ಕಾಗೆ ಮಧ್ಯಾಹ್ನದ ತನಕ ಬರುತ್ತಿರಲಿಲ್ಲ. ಮುಂದಿನ ಅಮಾವಾಸ್ಯೆಗೆ ಇನ್ನು ಒಂಬತ್ತು ದಿನವಿತ್ತು. ತಿರುಪ್ಪೂರಿಗೆ ಹೋದರೂ ಇಡುತ್ತಾಳೆ, ಅವಳ ಜಾತಿಯೇ ಅಂಥದ್ದು.

“ನಿಮ್ಮಪ್ಪ” ಎಂದಳು ಶಿವಗಾಮಿ.

ಮುಂದಿನ ಮೂರು ಸಾಲಿಗೆ ಕೇಳಿಸಿತು. ನಾಲ್ಕನೆಯ ಸಾಲಿನವರು ಮೂರನೆಯ ಸಾಲಿನವರನ್ನು ಏನಂದಳು ಅಂತ ಕೇಳಿದರು. ಕುಪ್ಪಮ್ಮ ಒಂದು ಸಲ ವೆಲ್ಲಿಂಗಿರಿಯ ಮುಖ ನೋಡಿದಳು, ಒಂದು ಸಲ ಸೊಸೆಯ ಮೂಗು ನೋಡಿದಳು, ಕೈಯಲ್ಲಿದ್ದ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು. ದಂಡಪಾಣಿ ಹತ್ತಿರದ ಕುರ್ಚಿಯಲ್ಲಿ ಕೂತ. ಅದರಲ್ಲಿ ಮೊದಲೇ ಒಬ್ಬರು ಕೂತಿದ್ದರು.

“ಅಪ್ಪ ಸತ್ತೋಗವ್ರಲ್ಲಮ್ಮ” ಎಂದಳು ಚಿನ್ನತಾಯಿ.

“ನಾನೂ ಹಂಗೇ ಅನ್ಕೊಂಡಿದ್ದೆ” ಎಂದಳು ಶಿವಗಾಮಿ. “ಏನು, ಹೆಂಗೆ ಅಂತ ನಿಮ್ಮ ದೊಡ್ಡಪ್ಪ ಹೇಳ್ತಾರೆ, ಸಭೆ ಇಲ್ಲೇ ಅದೆ. ನೀನು ಇವರ ಕಾಲಿಗೆ ಬಿದ್ರೆ ಬೀಳು, ಬಿಟ್ರೆ ಬಿಡು. ಇವರು ಊಟ ಮಾಡ್ಕೊಂಡು ಹೋಗ್ತಾರೆ.”

ಆಮೇಲೆ ಅವಳು ಬಗ್ಗಿ ಮಗಳ ಸೀರೆಯ ನೆರಿಗೆ ಸರಿಮಾಡಿದಳು.